ಓಣಿ ದಾಟಿದ ಕೇಬಲ್

ತೀರಿಹೋದ ನಮ್ಮಣ್ಣನ ತಿಂಗಳ ಪೂಜೆ ಮುಗಿದ ವಾರದಲ್ಲೇ ನಾರಾಯಣಪೇಟೆಯ ಸಾವಕಾರರು ಮಕ್ತಲ್‌ನ ನಮ್ಮ ಮನೆಗೆ ಬಂದರು. ಸೀರೆ ವ್ಯಾಪಾರದ ಹಳೆಯ ಮನೆತನದವರು. ಅಣ್ಣನ ಫೋಟೋಕ್ಕೆ ಕೈ ಮುಗಿದು, ಅತ್ತಿಗೆ ಕೊಟ್ಟ ಚಹಾ ಕುಡಿದು, ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಹೇಳಿದರು:

“ನಿಮ್ಮಣ್ಣ ಒಪ್ಪಿಕೊಂಡಿದ್ದ ಕೆಲಸ ಐತಿ ನೋಡಪ. ಆಗ್ತೈತಂದ್ರ ನೀ ಮಾಡು. ಆಗಂಗಿಲ್ಲಂದ್ರ ಹೈದರಾಬಾದಿನವರನ್ನ ಕರಸ್ತೀನಿ. ಬ್ಯಾಸರ ಮಾಡ್ಕೊಬ್ಯಾಡ.”

“ಮಾಡ್ತೀನ್ರೀ,” ಎಂದೆ.

ಆ ದಿನಗಳಲ್ಲಿ ಯಾರು ಏನು ಹೇಳಿದರೂ ನಾನು ಹೂಂ ಎನ್ನುತ್ತಿದ್ದೆ. ಉಣ್ಣು ಅಂದರೆ ಉಣ್ಣುತ್ತಿದ್ದೆ, ಏಳು ಅಂದರೆ ಏಳುತ್ತಿದ್ದೆ. ಸಾರಿಗೆ ಉಪ್ಪು ಹಾಕಿಲ್ಲವೆಂದು ಅತ್ತಿಗೆ ಹೇಳಿದ ಮೇಲೆಯೇ ನನಗೆ ಗೊತ್ತಾಗುತ್ತಿತ್ತು. ಅಳು ಬಂದಿರಲಿಲ್ಲ. ಮಣ್ಣು ಕೊಟ್ಟ ದಿನವೂ ಬರಲಿಲ್ಲ. ಬಂದ ಬೀಗರು ಹುಡುಗ ಗಟ್ಟಿ ಇದ್ದಾನೆ ಎಂದುಕೊಂಡು ಹೋದರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಮೈಯೆಲ್ಲ ಜೋಮು ಹಿಡಿದಿತ್ತು.

ತೆಲಂಗಾಣದ ಹೊಸ ಜಿಲ್ಲೆಗಳಲ್ಲಿ ಗದ್ವಾಲ್ ಆಗಲೇ ಒಂದಾಗಿತ್ತು. ನಮಗೂ ಜಿಲ್ಲೆ ಬೇಕೆಂದು ನಾರಾಯಣಪೇಟೆಯಲ್ಲಿ ಇನ್ನೂ ಬಂದ್, ಧರಣಿ ನಡೆಯುತ್ತಿದ್ದ ಕಾಲ. ಜಿಎಸ್‌ಟಿ ಬಂದು, ಅದರ ಬೆನ್ನಿಗೇ ಇ-ವೇ ಬಿಲ್ಲೂ ಬಂದಿತ್ತು. ಬಿಲ್ಲು ಆನ್‌ಲೈನಿನಲ್ಲಿ ತೆಗೆಯದೆ ಸೀರೆ ಗಂಟು ಊರು ಬಿಡುವಂತಿರಲಿಲ್ಲ. ಸಾವಕಾರರಿಗೆ ಮೂರು ಕಡೆ ಬಾಗಿಲು. ನಾರಾಯಣಪೇಟೆಯಲ್ಲಿ ಇನ್ನೂ ಕೈಯಿಂದಲೇ ಬಿಲ್ಲು ಬರೆಯುವ ಅಂಗಡಿ ಮತ್ತು ಹೆಡ್ಡಾಫೀಸು. ಮಕ್ತಲ್‌ನಲ್ಲಿ ರಾಯಚೂರು ರಸ್ತೆಗೆ ಹೊಂದಿಕೊಂಡ ಗೋದಾಮು. ಮಾಲು ಹೊರಗೆ ಹೋಗುವುದು ಅಲ್ಲಿಂದ. ಗದ್ವಾಲ್‌ನಲ್ಲಿ ನೇಕಾರರಿಂದ ಸೀರೆ ತೆಗೆದುಕೊಳ್ಳುವ ಸಣ್ಣ ಆಫೀಸು. ಮೂರೂ ಕಡೆಯ ಕಂಪ್ಯೂಟರುಗಳು ಹೆಡ್ಡಾಫೀಸಿನ ಒಂದೇ ಸರ್ವರಿಗೆ ಕೂಡಬೇಕು, ದಿನವಿಡೀ ಕಡಿಯದೆ ಇರಬೇಕು. ಕೆಲಸ ಇಷ್ಟೇ.

ಇಷ್ಟೇ ಎಂದೆ. ಆದರೆ ನಾನು ಮತ್ತು ಅಣ್ಣ ಕೂಡಿ ಮಾಡುತ್ತಿದ್ದ ಕಸುಬು ಇದು. ಮೇಲೆ ಹತ್ತುವುದು, ತಂತಿ ಎಳೆಯುವುದು, ಗೋಡೆ ಕೊರೆಯುವುದು ಅವನ ಪಾಲು. ಕೆಳಗೆ ನೆರಳಿನಲ್ಲಿ ಕೂತು ರೂಟರಿಗೆ ಬುದ್ಧಿ ಹೇಳುವುದು ನನ್ನ ಪಾಲು. ಅವನು ಮಾಳಿಗೆ ಮೇಲಿಂದ “ಬಂತೇನೋ?” ಎಂದು ಕೂಗುತ್ತಿದ್ದ. ಪರದೆಯ ಮೇಲೆ ಲೈನು ಹತ್ತಿದ ಕೂಡಲೇ ನಾನು “ಬಂತಣ್ಣಾ” ಎನ್ನುತ್ತಿದ್ದೆ. ಎಷ್ಟೋ ಊರುಗಳಲ್ಲಿ ನಮ್ಮ ಕೆಲಸ ಆ ಎರಡು ಮಾತಿನಲ್ಲೇ ಮುಗಿದಿತ್ತು. ಈಗ ಮೇಲೆ ಹತ್ತುವವನೂ ನಾನೇ, ಕೆಳಗೆ ಇಳಿದು ನೋಡುವವನೂ ನಾನೇ.

ನಾರಾಯಣಪೇಟೆಯಲ್ಲಿ ಮೊದಲ ತೊಡಕು ಬಂತು. ಫೈಬರ್ ಕೊಡುವ ಕಂಪನಿಯವರು ಚೌಕಿನಲ್ಲಿದ್ದ ಸಾವಕಾರರ ಅಂಗಡಿವರೆಗೆ ಲೈನು ತಂದರು, ಓಣಿಯೊಳಗೆ ಬರಲು ಒಪ್ಪಲಿಲ್ಲ. ಹೆಡ್ಡಾಫೀಸು ಇದ್ದದ್ದು ಅಂಗಡಿಯ ಹಿಂದಿನ ಓಣಿಯ ಆಚೆ ಬದಿಗೆ. ಆ ಓಣಿಯನ್ನು ದಾಟಿಸುವ ತುಂಡು ಫೈಬರು ನಾನೇ ಎಳೆಯಬೇಕಾಯಿತು. ಒಳಗೆ ಕೂದಲಿನಂಥ ಗಾಜಿನ ಎಳೆ, ಜೊತೆಗೆ ಭಾರ ಹೊರಲು ಉಕ್ಕಿನ ತಂತಿ, ಮೇಲೆ ಕಪ್ಪು ಹೊದಿಕೆ. ಈ ಗಾಜಿನ ಎಳೆ ಎಳೆದರೆ ತಡೆಯುತ್ತದೆ, ಮಡಚಿದರೆ ತಡೆಯುವುದಿಲ್ಲ. ಉಣ್ಣುವ ತಟ್ಟೆಗಿಂತ ಸಣ್ಣ ಸುತ್ತು ಹಾಕಿದರೆ ಒಳಗಿನ ಬೆಳಕು ಸೋರಿಹೋಗುತ್ತದೆ.

ಎಷ್ಟು ಎತ್ತರಕ್ಕೆ ಕಟ್ಟಬೇಕೆಂದು ವಿಚಾರಿಸಿದೆ. ಅಂಗಡಿಯ ಹಿಂಗೋಡೆಗೆ ಆನಿಸಿಕೊಂಡು ತಗಡಿನ ಮಾಡಿನ ಕೆಳಗೆ ಒಬ್ಬ ದರ್ಜಿ ಚಾಚಾ ಕೂರುತ್ತಿದ್ದರು. ಕೇಬಲ್ಲು ಅವರ ತಲೆಯ ಮೇಲಿಂದಲೇ ಹೊರಡಬೇಕಿತ್ತು.

“ಚಾಚಾ, ಈ ಓಣ್ಯಾಗ ಎತ್ತರದ್ದು ಏನೇನು ಬರ್ತಾವ?”

“ಗೂಡ್ಸ್ ಆಟೋ ಬರ್ತೈತಿ ಬೇಟಾ. ಗಣಪತಿ ದೊಡ್ಡ ರೋಡಿಗೆ ಹೋಗ್ತಾನ. ಮೊಹರಮ್ಮಿನ ಪೀರಲು ಚೌಕಿನ ಕಡೀಗೆ ಹೋಗ್ತಾವ.” ಇನ್ನೇನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿದರು. ಅಣ್ಣ ಹೋದಾಗ ಬೋಳಿಸಿದ ನನ್ನ ತಲೆಯಲ್ಲಿ ಕೂದಲು ಇನ್ನೂ ಪೂರ್ತಿ ಬಂದಿರಲಿಲ್ಲ. ಹಲ್ಲಿನಿಂದ ದಾರ ಕಡಿದು, “ಮತ್ತೇನಿಲ್ಲ,” ಎಂದರು.

ಅವರು ತಡವರಿಸಿದ್ದು ನನಗೆ ಕಂಡಿತ್ತು. ಏನು ಚಾಚಾ ಎಂದು ಕೇಳಬೇಕೆಂದು ಅನ್ನಿಸಲಿಲ್ಲ. ಗೂಡ್ಸ್ ಆಟೋಗೆ ತಾಗದಷ್ಟು ಎತ್ತರಕ್ಕೆ, ಕರೆಂಟಿನ ತಂತಿಗಳಿಂದ ತಕ್ಕಷ್ಟು ಕೆಳಗೆ, ವೀಣೆಯ ತಂತಿಯ ಹಾಗೆ ಬಿಗಿದು ಕಟ್ಟಿದೆ. ಅಣ್ಣ ಇದ್ದಿದ್ದರೆ ಒಂದು ಮಾರು ಸಡಿಲು ಬಿಡುತ್ತಿದ್ದ. ನನಗೆ ಜೋತುಬಿದ್ದ ತಂತಿ ಕಂಡರೆ ಆಗುತ್ತಿರಲಿಲ್ಲ.

ಮಕ್ತಲ್ ಗೋದಾಮಿನ ಕೆಲಸ ಸಲೀಸಾಗಿ ಮುಗಿಯಿತು. ಜೂರಾಲ ಡ್ಯಾಮಿನ ಮೇಲೆ ಬೈಕಿನಲ್ಲಿ ಹಾದು ಗದ್ವಾಲ್‌ಗೆ ಹೋದೆ. ಆ ಆಫೀಸು ನಡೆಸುತ್ತಿದ್ದದ್ದು ಒಬ್ಬ ಮೇಡಂ. ತವರು ರಾಯಚೂರಿನ ಕಡೆ, ಕೊಟ್ಟ ಊರು ಗದ್ವಾಲ್. ಕನ್ನಡದಲ್ಲಿ ಶುರು ಮಾಡಿದ ಮಾತು ಸಿಟ್ಟು ಬಂದರೆ ತೆಲುಗಿಗೆ ಜಾರುತ್ತಿತ್ತು. ಬಾಡಿಗೆಗೆ ಜಾಗ ಹುಡುಕಿದ್ದರಿಂದ ಹಿಡಿದು ನೇಕಾರರ ಮನೆ ಮನೆ ತಿರುಗಿ ಒಪ್ಪಿಸಿದ್ದರವರೆಗೆ ಆ ಆಫೀಸನ್ನು ಕಟ್ಟಿದ್ದು ಆಕೆ. ಅಲ್ಲಿನ ಪದ್ಧತಿ ಹೀಗಿತ್ತು: ನೇಕಾರ ನೇಯ್ದ ಸೀರೆ ತಂದು ಬಿಚ್ಚಿ ತೋರಿಸಬೇಕು, ಮೇಡಂ ಅಂಚು, ಒಡಲು, ಸೆರಗು ನೋಡಿ ಕಂಪ್ಯೂಟರಿನಲ್ಲಿ ಜಮಾ ಹಾಕಬೇಕು, ಸರ್ವರು ಅದನ್ನು ಒಪ್ಪಿದ ಮೇಲೆಯೇ ಮುಂದಿನ ಸೀರೆಗೆ ನೂಲು, ರೇಷ್ಮೆ, ಜರಿ ಕೊಡಬೇಕು. ಲೈನು ಇಲ್ಲದಿದ್ದರೆ ನೂಲಿಲ್ಲ. ನೂಲಿಲ್ಲದಿದ್ದರೆ ಮಗ್ಗ ಖಾಲಿ.

ಮೊದಲ ವಾರದಲ್ಲೇ ಮೇಡಂ ಫೋನು ಬಂತು.

“ಸರ್, ಮಳ್ಳೀ ಪೋಯಿಂದಿ. ಮತ್ತ ಹೋತ್ರೀ ಲೈನು. ಮಧ್ಯಾಹ್ನ ಆದ್ರ ಸಾಕು, ಹೋಗ್ತೈತಿ.”

ಹೋಗಿ ನೋಡಿದೆ. ಮಧ್ಯಾಹ್ನ ವೋಲ್ಟೇಜು ಇಳಿದು ರೂಟರು ತಾನಾಗಿ ಆಫಾಗಿ ಆನಾಗುತ್ತಿತ್ತು. ಆಫೀಸಿನ ಹಿಂದಿದ್ದ ನೇಕಾರರ ಮನೆಯ ಹಿತ್ತಿಲಲ್ಲಿ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿ, ಅರ್ಥಿಂಗ್ ಸರಿಮಾಡಿದೆ. ರೂಟರಿಗೊಂದು ಬ್ಯಾಟರಿ ಕೂರಿಸಿದೆ. ಗುಂಡಿ ತೋಡುವವರೆಗೆ ಆ ಮನೆಯ ಮಗ್ಗದ ಪಕ್ಕ ಕೂತಿದ್ದೆ. ಹಾಸಿನ ಉದ್ದ ಎಳೆಗಳು ಬಿಗಿಯಾಗಿ ಹಿಂದಿನ ಗೂಟದವರೆಗೆ ಹೋಗಿ, ಅವನ್ನು ಹಿಡಿದ ಹಗ್ಗ ಗೂಟ ಸುತ್ತಿ ಮತ್ತೆ ನೇಕಾರನ ಕೈಯ ಪಕ್ಕಕ್ಕೇ ಬಂದಿತ್ತು. ನೇಯ್ದಷ್ಟು ಸುತ್ತಿಕೊಂಡು, ಕೂತಲ್ಲಿಂದಲೇ ಹಗ್ಗ ತುಸು ಬಿಟ್ಟು, ಮತ್ತೆ ಬಿಗಿದು ನೇಯುತ್ತಿದ್ದ. ಸುಮ್ಮನೆ ನೋಡಿದೆ. ಆಗ ನನಗೆ ಎಲ್ಲವನ್ನೂ ಸುಮ್ಮನೆ ನೋಡುವುದೇ ಆಗಿತ್ತು.

ಕೆಲವು ದಿನ ಲೈನು ಚೆನ್ನಾಗಿತ್ತು. ಮತ್ತೆ ಹೋಗತೊಡಗಿತು. ಒಂದೊಂದು ದಿನ ಇಡೀ ಮಧ್ಯಾಹ್ನ ಬಂದು ಬಂದು ಹೋಗುವುದು, ಒಂದೊಂದು ವಾರ ಏನೂ ಇಲ್ಲ. ನಾನು ಗದ್ವಾಲ್‌ನ ರೂಟರು ಬದಲಿಸಿದೆ. ಸ್ವಿಚ್ಚು ಬದಲಿಸಿದೆ. ಎರಡನೆಯ ದಾರಿ ಇರಲೆಂದು ಸಿಮ್ಮಿನ ಡಬ್ಬಿ ಹಾಕಿದೆ. ಮೊದಲ ಲೈನು ಹೋದಾಗ ಸಿಮ್ಮಿನ ಲೈನೂ ಹೋಗುತ್ತಿತ್ತು. ಎರಡು ಬೇರೆ ದಾರಿಗಳು ಒಟ್ಟಿಗೇ ಕಡಿಯುತ್ತವೆ ಎಂದರೆ ಕಡಿಯುವುದು ಅವೆರಡೂ ಬಂದು ಸೇರುವ ಕಡೆ, ಅಂದರೆ ನಾರಾಯಣಪೇಟೆಯಲ್ಲಿ. ನೆಟ್ಟಗಿರುವ ತಲೆಗೆ ಅರ್ಧ ಗಂಟೆಯಲ್ಲಿ ಹೊಳೆಯುವ ಮಾತು. ನನಗೆ ಹೊಳೆಯಲಿಲ್ಲ. ಮಕ್ತಲ್‌ನಿಂದ ಒಂದು ದೂರೂ ಇರಲಿಲ್ಲವಲ್ಲ! ಮಕ್ತಲ್ ಸರಿ ಇದೆ ಎಂದರೆ ನಾರಾಯಣಪೇಟೆ ಸರಿ ಇದೆ, ಕೆಟ್ಟಿರುವುದು ಗದ್ವಾಲ್ ಎಂದು ಲೆಕ್ಕ ಹಾಕಿದ್ದೆ. ನಾರಾಯಣಪೇಟೆಯ ಕಡೆ ಒಂದೆರಡು ಸಲ ಕನೆಕ್ಟರು ಒರೆಸಿದೆ, ಆಗ ಲೈನು ಬಂತು, ಕೈ ತೊಳೆದುಕೊಂಡೆ. ಕೇಬಲ್ಲು ಅಲ್ಲಾಡಿದ್ದರಿಂದ ಬಂತೋ ಒರೆಸಿದ್ದರಿಂದ ಬಂತೋ ಎಂದು ಕೇಳಿಕೊಳ್ಳಲಿಲ್ಲ.

ಸಾವಕಾರರು ಕರೆಸಿ ಕೇಳಿದಾಗ ಅದನ್ನೇ ಹೇಳಿದೆ. “ತೊಂದ್ರಿ ಗದ್ವಾಲ್ ಕಡೇನ ಐತ್ರೀ.”

ಸಾವಕಾರರು ಲೆಕ್ಕದ ಪುಸ್ತಕ ಮುಚ್ಚಿದರು. “ಲಗ್ನದ ಸೀಜನ್ ಶುರು ಆಗೋದ್ರೊಳಗ ಸುಧಾರಿಸ್ಲಿಲ್ಲಂದ್ರ ಗದ್ವಾಲ್ ಬಾಗ್ಲ ಹಾಕ್ತೀನಿ. ನೇಕಾರ್ರು ಮಾಲು ಇಲ್ಲಿಗೇ ತರ್ಲಿ. ನಾ ಎಷ್ಟಂತ ಕಾಯ್ಲಿ?”

ಒಂದು ಸೀರೆ ಹಿಡಿದು ಗದ್ವಾಲ್‌ನಿಂದ ನಾರಾಯಣಪೇಟೆಗೆ ಬಂದು ಹೋಗಲು ನೇಕಾರನಿಗೆ ಒಂದು ದಿನದ ನೇಯ್ಗೆ ಹೋಗುತ್ತದೆ. ಯಾರೂ ಬರುವುದಿಲ್ಲ, ಮಧ್ಯದ ದಲ್ಲಾಳಿಗಳ ಕೈಗೆ ಬೀಳುತ್ತಾರೆ. ಮೇಡಂ ಕಟ್ಟಿದ್ದೆಲ್ಲ ಅಲ್ಲಿಗೆ ಮುಗಿಯಿತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಎದೆಯಲ್ಲಿ ಏನೂ ಆಗಲಿಲ್ಲ. ಹೂಂ ಎಂದು ಎದ್ದು ಬಂದೆ.

ಸುದ್ದಿ ಮೇಡಂಗೆ ಮುಟ್ಟಿತು. ಒಂದು ದಿನ ಬಂದು ಇಲ್ಲಿ ಕೂತು ನೋಡಿ ಎಂದರು. ಹೋದೆ. ಮಧ್ಯಾಹ್ನ ಒಬ್ಬ ವಯಸ್ಸಾದ ನೇಕಾರರು ಎಲೆಹಸಿರು ಒಡಲು, ಕೆಂಪು ರೇಷ್ಮೆ ಅಂಚಿನ ಸೀರೆ ತಂದರು. ಮೇಡಂ ಜಮಾ ಹಾಕಲು ಕೂತರು, ಪರದೆ ತಿರುಗುತ್ತಲೇ ಇತ್ತು. ನೇಕಾರರು ಬಹಳ ಹೊತ್ತು ಕಾದರು, ನೀರು ಕುಡಿದರು, ಕೊನೆಗೆ ಸೀರೆ ಅಲ್ಲೇ ಬಿಟ್ಟು, ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ನೂಲಿಲ್ಲದೆ ಎದ್ದು ಹೋದರು.

ಮೇಡಂ ನನ್ನ ಕಡೆ ತಿರುಗಿದರು. “ನಿಮ್ಮ ಲೈನು ಕೆಟ್ರ ನೀವು ಇನ್ನೊಂದು ಡಬ್ಬಿ ಬದಲಿಸ್ತೀರಿ. ಆ ಯಜಮಾನರ ಮಗ್ಗ ನಿಂತ್ರ ಅವರೇನು ಬದಲಿಸ್ಬೇಕ್ರೀ?”

ನಾನು ರೂಟರಿನ ದೀಪಗಳ ಕಡೆ ನೋಡಿದೆ.

“ಇಲ್ಲಿ ಇದ್ದದ್ದೆಲ್ಲಾ ಬದಲಿ ಮಾಡೀರಿ. ನನ್ನೊಬ್ಬಾಕಿನ್ನ ಬದಲಿ ಮಾಡೋದು ಉಳದೈತಿ. ಅಲ್ಲಿ ಒಮ್ಮೆರ ನೋಡೀರೇನ್ರೀ? ಮಕ್ತಲ್‌ನವರನ್ನ ಕೇಳೀರೇನ್ರೀ? ದೂರು ಹೇಳಿದವ್ರದ್ದೇ ತಪ್ಪಾ?”

ಅಲ್ಲೇ ಕೂತು ಮಕ್ತಲ್ ಗೋದಾಮಿಗೆ ಫೋನು ಮಾಡಿದೆ. ಈಗ ಲೈನು ಇದೆಯೇ ಎಂದು ಕೇಳಿದೆ.

“ಹಗಲೊತ್ತು ಅದನ್ನ ಯಾರು ನೋಡ್ತಾರ್ರೀ?” ಎಂದ ಗೋದಾಮಿನವನು. “ಬಂದ ಗಂಟೆಲ್ಲಾ ರಟ್ಟಿನ ಮ್ಯಾಲ ಬರದಿಟ್ಟು, ಗಾಡಿ ಬಿಡೋ ಹೊತ್ತಿಗೆ ಸಂಜೀಕ ಒಮ್ಮೆಲೆ ಹಾಕ್ತೀನಿ. ನಮ್ಮ ಕಡೆ ಮೊದಲಿಂದ್ಲೂ ಹಂಗೇ. ತಡೀರಿ, ನೋಡ್ತೀನಿ.” ಸ್ವಲ್ಪ ಹೊತ್ತಿನ ಮೇಲೆ, “ಇಲ್ರೀ, ಇಲ್ಲೂ ಇಲ್ಲ,” ಎಂದ.

ಹಗಲೆಲ್ಲ ಗಾಳಿಗೆ ಕಡಿಯುತ್ತಿದ್ದ ಲೈನು ಸಂಜೆ ಗಾಳಿ ತಗ್ಗಿದ ಮೇಲೆ ಹತ್ತುತ್ತಿತ್ತು. ಅದಕ್ಕೇ ಮಕ್ತಲ್‌ನಿಂದ ದೂರು ಬರಲಿಲ್ಲ. ಇಷ್ಟು ದಿನ ನಾನು ಇಲ್ಲದ ರೋಗಕ್ಕೆ ಗದ್ವಾಲಿಗೆ ಔಷಧಿ ಕುಡಿಸುತ್ತಿದ್ದೆ. “ತಪ್ಪಾತ್ರೀ ಮೇಡಂ,” ಎಂದೆ. ಆಕೆ ನನ್ನನ್ನು ಬೈಯಲಿಲ್ಲ. ನೇಕಾರರು ಬಿಟ್ಟುಹೋದ ಸೀರೆಯನ್ನು ಮಡಚಿಡುತ್ತಿದ್ದರು.

ಓಣಿಯ ಫೈಬರನ್ನು ಸರಿಯಾಗಿ ಪರೀಕ್ಷಿಸಲು ಬೆಳಕು ಅಳೆಯುವ ಮೀಟರು ಬೇಕು. ಮೀಟರು ಇದ್ದದ್ದು ಅಣ್ಣನ ಬ್ಯಾಗಿನಲ್ಲಿ. ಅತ್ತಿಗೆ ಆ ಬ್ಯಾಗನ್ನು ಫೋಟೋದ ಪಕ್ಕದ ಗೂಟಕ್ಕೆ ಹಾಕಿ, ದಿನಾ ಅದಕ್ಕೂ ಒಂದು ಹೂವು ಏರಿಸುತ್ತಿದ್ದರು. ನಾನು ಇಷ್ಟು ದಿನ ಕನೆಕ್ಟರು ಒರೆಸಿ, ಡಬ್ಬಿ ಬದಲಿಸಿ, ಮೀಟರಿಲ್ಲದೆ ದಿನ ದೂಡಿದ್ದು ಆ ಬ್ಯಾಗು ಮುಟ್ಟಬಾರದೆಂದೇ. ಹೊಸದು ತರಿಸಬಹುದಿತ್ತು. ತರಿಸಿದರೆ ಅಣ್ಣನದು ಇನ್ನು ಬೇಡವೆಂದು ಆಗುತ್ತದೆ. ಇದನ್ನು ಅಷ್ಟು ಬಿಡಿಸಿ ಅಂದುಕೊಂಡಿರಲಿಲ್ಲ, ಆದರೆ ಕಾರಣ ಅದೇ.

ಮನೆಗೆ ಬಂದು ಚಪ್ಪಲಿ ಬಿಟ್ಟವನು ನಿಂತೇ ಹೇಳಿದೆ. “ಅಣ್ಣನ ಬ್ಯಾಗು ಬೇಕಾಗೈತಿ ಅತ್ತಿಗಿ.”

ಅತ್ತಿಗೆ ಹೂವು ತೆಗೆದು ಕಣ್ಣಿಗೊತ್ತಿಕೊಂಡು, ಬ್ಯಾಗು ಇಳಿಸಿ ಕೊಟ್ಟರು. “ನೀ ಯಾವಾಗ ಕೇಳ್ತಿ ಅಂತ ನೋಡ್ತಿದ್ದೆ ತಮ್ಮಾ. ನಾನಾಗಿ ಕೊಟ್ರ ನಿನಗ ಹೆಂಗಾಗ್ತೈತೋ ಅಂತ ಸುಮ್ನಿದ್ದೆ.”

ಬ್ಯಾಗಿನಲ್ಲಿ ಮೀಟರು, ಕಟ್ಟರು, ಒಂದು ಟವೆಲು, ಅರ್ಧ ಉಳಿದ ಅಡಿಕೆ ಪುಡಿಯ ಚೀಟು. ಚೀಟನ್ನು ಇದ್ದಲ್ಲೇ ಬಿಟ್ಟೆ.

ಮರುದಿನ ನಾರಾಯಣಪೇಟೆಯಲ್ಲಿ ಅಂಗಡಿಯ ತುದಿಗೆ ಮೀಟರು ಹಚ್ಚಿದೆ. ಬೆಳಕು ಬೇಕಾದಷ್ಟಿತ್ತು. ಓಣಿ ದಾಟಿ ಆಫೀಸಿನ ತುದಿಗೆ ಹಚ್ಚಿದೆ. ಮುಕ್ಕಾಲು ಪಾಲು ಹೋಗಿತ್ತು. ಅಂದರೆ ಗಾಯ ಇರುವುದು ಮಧ್ಯದಲ್ಲಿ, ಓಣಿಯ ಮೇಲೆ. ಏಣಿ ತಂದು ದರ್ಜಿ ಚಾಚಾನ ತಗಡಿನ ಮಾಡಿನ ಪಕ್ಕ ಹತ್ತಿದೆ.

ನಾನು ಹಾಕಿದ್ದ ಕ್ಲಾಂಪು ಬಾಗಿತ್ತು. ಕೇಬಲ್ಲು ಅದರಲ್ಲಿ ಇರಲೇ ಇಲ್ಲ. ಪಕ್ಕದ ಮೊಳೆಗೆ ಬೆರಳು ಸುತ್ತಿದಷ್ಟು ಬಿಗಿಯಾಗಿ ಸುತ್ತಿ, ಸೀರೆ ಅಂಚಿನ ಪಟ್ಟಿಯಿಂದ ಅಚ್ಚುಕಟ್ಟಾಗಿ ಗಂಟು ಹಾಕಿತ್ತು. ಒಂದಲ್ಲ, ಹಳೆಯ ಗಂಟುಗಳ ಮೇಲೆ ಹೊಸ ಗಂಟು, ನೀಲಿ, ಹಳದಿ, ಕೆಂಪು. ಗಾಳಿ ಬೀಸಿದಾಗೆಲ್ಲ ಆ ಸುತ್ತು ಇನ್ನಷ್ಟು ಬಿಗಿದು ಬೆಳಕು ಸೋರುತ್ತಿತ್ತು. ಅಷ್ಟು ಚೆಂದದ ಗಂಟು ಹಾಕುವವರು ಆ ಓಣಿಯಲ್ಲಿ ಒಬ್ಬರೇ.

ಏಣಿಯಿಂದ ಇಳಿದೆ. “ಇದು ನೀವು ಕಟ್ಟಿದ್ದಾ ಚಾಚಾ?”

ಚಾಚಾ ಹೊಲಿಗೆ ನಿಲ್ಲಿಸಿದರು. “ಬಿದ್ದಿತ್ತು ಬೇಟಾ. ಕಟ್ಟಿದೆ.”

“ಇಷ್ಟು ಸಲ ಹೆಂಗ ಬೀಳ್ತೈತಿ?”

ಎದುರು ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ಹೆಂಗಸರು ಮೊರ ಹಿಡಿದು ಒಳಗೆ ಹೋದರು. ನನಗೆ ಬಹಳ ದಿನಗಳ ಮೇಲೆ ಸಿಟ್ಟು ಬಂತು. “ಹೇಳ್ರಿ ಚಾಚಾ. ಇದೊಂದು ಗಂಟಿಗೆ ಗದ್ವಾಲ್ ಆಫೀಸು ಮುಚ್ಚೂ ಹೊತ್ತು ಬಂದೈತಿ.”

ಚಾಚಾ ಕನ್ನಡಕ ತೆಗೆದರು. “ಈ ಓಣಿ ತುದ್ಯಾಗ ಏನೈತಿ, ಗೊತ್ತಿಲ್ಲೇನು ನಿನಗ?”

ಗೊತ್ತಿತ್ತು. ಓಣಿಯ ತುದಿಗೆ ಹೊಲದ ದಾರಿ, ಅದರಾಚೆ ನಮ್ಮ ಜನರ ರುದ್ರಭೂಮಿ.

“ನಿಮ್ಮವರು ಹೋದವರನ್ನ ಕುಂದ್ರಿಸಿ ವಿಮಾನ ಕಟ್ಟಿ ಒಯ್ತೀರಿ. ಅಷ್ಟೆತ್ತರ ಬರ್ತೈತಿ ಅದು. ಕರೆಂಟಿನ ತಂತಿ ಸಡ್ಲ ಐತಿ, ಕವೆಗೋಲಿನಿಂದ ಎತ್ತಿ ಹಿಡೀತಾರ. ನಿನ್ನ ತಂತಿ ಏಳಂಗಿಲ್ಲ. ವಿಮಾನ ನಿಂತು ಬಿಡ್ತೈತಿ. ಹೆಣ ನಿಲ್ಲಿಸ್ಬಾರ್ದು ಅಂತ ನಾನೇ ಬಿಚ್ಚತೀನಿ. ಹೋದಮ್ಯಾಲ ಕಟ್ತೀನಿ. ನಿನ್ನ ಕೆಲಸ ಕೆಡಬಾರ್ದಂತ ಚಲೋತ್ನಾಗಿ ಬಿಗೀತೀನಿ.”

“ಮೊದಲ ದಿನಾನೇ ಹೇಳಬೇಕಿಲ್ಲಾ?”

“ಹೆಂಗ ಹೇಳ್ಲಿ?” ಚಾಚಾನ ದನಿ ತಗ್ಗಿತು. “ನೀ ಬಂದಾಗ ತಲಿ ಮ್ಯಾಲ ಕೂದ್ಲ ಇರ್ಲಿಲ್ಲ. ಅಣ್ಣನ್ನ ವಿಮಾನದಾಗ ಕಳಿಸಿ ಬಂದ ಹುಡುಗನ ಮುಂದ ವಿಮಾನದ ಮಾತು ಎತ್ತಲಾ? ಓಣಿಯವರೆಲ್ಲಾ ಬ್ಯಾಡ ಅಂದ್ರು. ತಂತಿ ತಾನೆ, ಕಟ್ಟಿದ್ರಾತು ಅಂತ ಎಲ್ಲಾರೂ ಮಾತಾಡ್ಕೊಂಡ್ವಿ.”

ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತೆ. ಮಕ್ತಲ್‌ನಲ್ಲಿ ಅಣ್ಣನ ವಿಮಾನದ ಹಿಂದೆ ನಾನು ನಡೆದಿದ್ದೆ. ನಮ್ಮ ಮನೆಯಿಂದ ರುದ್ರಭೂಮಿಯವರೆಗೆ ಎಷ್ಟು ತಂತಿ ದಾಟಬೇಕು ಎಂದು ಈಗ ಎಣಿಸಬಲ್ಲೆ, ಅದರಲ್ಲಿ ಎಷ್ಟೋ ನಾವೇ ಎಳೆದದ್ದು. ಆ ದಿನ ಯಾರೋ ಅವನ್ನೆಲ್ಲ ಎತ್ತಿ ಹಿಡಿದಿರಬೇಕು. ನಾನು ತಲೆ ಎತ್ತಿರಲಿಲ್ಲ. ಮುಂದಿನವರ ಹಿಮ್ಮಡಿ ನೋಡಿಕೊಂಡೇ ಹೋಗಿದ್ದೆ. ಗಣಪತಿಯ ಎತ್ತರ ಕೇಳಿದೆ, ಪೀರಿನ ಎತ್ತರ ಕೇಳಿದೆ, ಗೂಡ್ಸ್ ಆಟೋವಿನ ಎತ್ತರ ಅಳೆದೆ. ಅಣ್ಣನನ್ನು ಕಳಿಸಿ ಬಂದವನಿಗೆ ಈ ಓಣಿಯಲ್ಲಿ ಹೆಣ ಹೋಗುತ್ತದೆಂಬುದು ನೆನಪಾಗಲಿಲ್ಲ.

“ಚಹಾ ತರಸ್ಲಾ?” ಎಂದರು ಚಾಚಾ. ತರಿಸಿ ಎಂದೆ.

ಈಗ ಏನು ಮಾಡುವುದು? ನೆಲದಲ್ಲಿ ಹೂಳಬೇಕೆಂದರೆ ಆಗಷ್ಟೇ ಹಾಕಿದ ಸಿಮೆಂಟು ರಸ್ತೆ. ಒಡೆಯಲು ಪುರಸಭೆಯ ಅಪ್ಪಣೆ ಬರುವಷ್ಟರಲ್ಲಿ ಸೀಜನ್ನು ಮುಗಿಯುತ್ತದೆ. ಎತ್ತರಕ್ಕೆ ಒಯ್ಯಬೇಕೆಂದರೆ ಮೇಲೆ ಕರೆಂಟಿನ ತಂತಿ. ಮಾಳಿಗೆಯಿಂದ ಮಾಳಿಗೆಗೆ ರೇಡಿಯೋ ತಟ್ಟೆ ಹಾಕಿದರೆ ಮಂಗಗಳು ಒಂದು ವಾರವೂ ಬಾಳಗೊಡುವುದಿಲ್ಲ. ಸಡಿಲು ಬಿಟ್ಟರೆ ಕವೆಗೋಲಿಗೆ ಏಳುತ್ತದೆ ನಿಜ, ಆದರೆ ಉಳಿದ ದಿನ ಜೋತುಬಿದ್ದು ಗೂಡ್ಸ್ ಆಟೋಗೆ ಸಿಗುತ್ತದೆ. ಬಿಗಿಯೂ ಇರಬೇಕು, ಬೇಕಾದಾಗ ಸಡಿಲೂ ಆಗಬೇಕು. ಚಹಾ ಕುಡಿಯುತ್ತಾ ಚಾಚಾನ ಕೈಯ ಪಕ್ಕ ತಗಡಿನ ಮಾಡು ಹೊತ್ತ ಗೂಟ ನೋಡುತ್ತಿದ್ದೆ. ಗದ್ವಾಲ್‌ನ ಮಗ್ಗದ ಹಗ್ಗ ನೆನಪಿಗೆ ಬಂತು.

ಹೊಸ ಕೇಬಲ್ಲು ಎಳೆದೆ. ಅಂಗಡಿಯ ಗೋಡೆಯ ಮೇಲೆ ಒಂದು ಮಾರಿಗಿಂತ ಹೆಚ್ಚೇ ಸಡಿಲನ್ನು ದೊಡ್ಡ ಸುತ್ತಾಗಿ ನೇತುಹಾಕಿದೆ. ಕ್ಲಾಂಪಿನ ಬದಲು ಹಳೆಯ ಸೈಕಲ್ಲಿನ ರಿಮ್ಮು ಕೂರಿಸಿ, ಎಷ್ಟು ಎಳೆದಾಡಿದರೂ ಎಳೆ ಮಡಚದಂತೆ ಕೇಬಲ್ಲನ್ನು ಅದರ ಮೇಲೆ ಹಾಯಿಸಿದೆ. ಕೇಬಲ್ಲನ್ನು ಬಿಗಿ ಹಿಡಿಯುವ ಹಗ್ಗವನ್ನು ರಾಟೆಯ ಮೇಲಿಂದ ಕೆಳಗಿಳಿಸಿ ಚಾಚಾನ ಗೂಟಕ್ಕೆ ಕಟ್ಟಿದೆ. ಹಗ್ಗ ಬಿಟ್ಟರೆ ಕೇಬಲ್ಲು ಸಡಿಲಾಗುತ್ತದೆ, ಕವೆಗೋಲಿಗೆ ಏಳುತ್ತದೆ. ಎಳೆದರೆ ಮತ್ತೆ ಬಿಗಿ. ಎರಡೂ ತುದಿಗೆ ಮೀಟರು ಹಚ್ಚಿ ನೋಡಿದೆ. ಸಡಿಲಿದ್ದರೂ ಬಿಗಿಯಿದ್ದರೂ ಬೆಳಕು ಅಷ್ಟೇ ಇತ್ತು.

ಸಾವಕಾರರಿಗೆ ಎಲ್ಲ ಹೇಳಿದೆ. ತಪ್ಪು ಗದ್ವಾಲಿನದಲ್ಲ ಎಂದೂ ಹೇಳಿದೆ. ಅವರು ಹಗ್ಗ ನೋಡಿದರು, ರಿಮ್ಮು ನೋಡಿದರು, ಮುಖ ಗಂಟಿಕ್ಕಿದರು. “ಸೈಕಲ್ ಗಾಲಿ ಮ್ಯಾಲ ನನ್ನ ವ್ಯಾಪಾರ ನಿಂದ್ರಿಸಿಯೇನಪ? ಇರ್ಲಿ. ಒಂದು ವಿಮಾನ ದಾಟ್ಲಿ, ಆಮ್ಯಾಲ ಗದ್ವಾಲ್ ಮಾತು.”

ಲ್ಯಾಬ್ ಇಲ್ಲದ ಊರಿನಲ್ಲಿ ಹೀಗೊಂದು ಪರೀಕ್ಷೆಗೆ ಕಾಯುವುದು ಹೇಗಿರುತ್ತದೆ ಎಂದು ಹೇಳಲಾರೆ. ಯಾರೂ ಸಾಯದಿರಲಿ ಎಂದೂ ಅನ್ನಿಸುತ್ತಿತ್ತು. ಸೀಜನ್ನು ಹತ್ತಿರ ಬಂದಿತ್ತು.

ಆಮೇಲೆ ಒಂದು ಬೆಳಿಗ್ಗೆ ಸಾವಕಾರರ ಫೋನು ಬಂತು. ಪಕ್ಕದ ಓಣಿಯಲ್ಲಿ ತುಂಬು ವಯಸ್ಸಿನ ಅಜ್ಜಿಯೊಬ್ಬರು ತೀರಿಕೊಂಡಿದ್ದರು, ಮಧ್ಯಾಹ್ನ ಮಣ್ಣು. ನಾನು ಮಕ್ತಲ್‌ನಿಂದ ಬರುವಷ್ಟರಲ್ಲಿ ಸಾವಕಾರರು ಹೆಡ್ಡಾಫೀಸಿನಲ್ಲಿ ಕುರ್ಚಿ ಎಳೆದುಕೊಂಡು ಸರ್ವರಿನ ಮುಂದೆ ಕೂತಿದ್ದರು. ಗದ್ವಾಲ್ ಮೇಡಂಗೆ ಫೋನು ಹಚ್ಚಿ, ಸ್ಪೀಕರು ಹಾಕಿ ಮೇಜಿನ ಮೇಲಿಟ್ಟೆ. ಅಲ್ಲಿ ನೇಕಾರರು ಬಂದು ಕೂತಿದ್ದರು. ಮೇಡಂ ಒಂದೊಂದೇ ಸೀರೆ ಹಾಕುತ್ತಿದ್ದರು, ಒಂದೊಂದೇ ಇಲ್ಲಿ ಬರುತ್ತಿತ್ತು.

ಭಜನೆಯ ತಾಳ ದೂರದಿಂದ ಕೇಳಿಸಿತು. ಹತ್ತಿರ ಬಂತು. ಕಿಟಕಿಯಿಂದ ನೋಡಿದರೆ ಬಾಳೆಕಂಬ, ಬಣ್ಣದ ಸೀರೆ ಕಟ್ಟಿದ ವಿಮಾನದ ತುದಿ ಕಾಣುತ್ತಿತ್ತು. ಚಾಚಾ ಹೊಲಿಗೆ ಬಿಟ್ಟು ಎದ್ದು ನಿಂತು ಹಗ್ಗ ಬಿಚ್ಚಿದರು. ಇಬ್ಬರು ಕವೆಗೋಲು ಹಿಡಿದರು, ಒಂದಕ್ಕೆ ಕರೆಂಟಿನ ತಂತಿ ಎದ್ದಿತು, ಇನ್ನೊಂದಕ್ಕೆ ನನ್ನ ಕೇಬಲ್ಲೂ ಎದ್ದಿತು. ವಿಮಾನ ನಿಲ್ಲಲಿಲ್ಲ. ವಿಭೂತಿ ಹಚ್ಚಿದ ಅಜ್ಜಿಯ ಮುಖ ಕಿಟಕಿಯ ಎತ್ತರಕ್ಕೇ ಬಂದು ಹಾದುಹೋಯಿತು. ಈ ಸಲ ನಾನು ತಲೆ ತಗ್ಗಿಸಲಿಲ್ಲ. ನೋಡಿದೆ.

ಪರದೆಯ ಮೇಲೆ ಸೀರೆಗಳು ಬರುತ್ತಲೇ ಇದ್ದವು.

ಸಾವಕಾರರು ಎದ್ದರು. ಫೋನಿನ ಕಡೆ ಬಾಗಿ, “ಗದ್ವಾಲ್ ಇರ್ತೈತಮ್ಮ. ಹಾಕ್ತಾ ಹೋಗು,” ಎಂದವರು ಬಾಗಿಲಿಗೆ ಹೋಗಿ ಕೈ ಮುಗಿದು ನಿಂತರು.

ಮೆರವಣಿಗೆ ದಾಟಿತು. ಚಾಚಾ ಹಗ್ಗ ಎಳೆದು ಗೂಟಕ್ಕೆ ಸುತ್ತಿದರು. ನಾನು ಒಳಗೆ ಇರುವುದು ಅವರಿಗೆ ಗೊತ್ತಿತ್ತು. ಓಣಿಯಿಂದಲೇ ಗಟ್ಟಿಯಾಗಿ ಕೂಗಿದರು:

“ಬಂತೇನೋ ಬೇಟಾ?”

“ಬಂತಣ್ಣಾ,” ಎಂದೆ.

ಬಾಯಿಂದ ಹೊರಟ ಮೇಲೆ ನನಗೇ ಕೇಳಿಸಿತು. ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅಳು ಬಂತು. ಇಷ್ಟು ದಿನ ಬಾರದ್ದೆಲ್ಲ ಒಟ್ಟಿಗೇ ಬಂತು, ತಡೆಯಲು ಆಗಲಿಲ್ಲ. ಸಾವಕಾರರು ಬಾಗಿಲಲ್ಲೇ ನಿಂತಿದ್ದರು, ಹಿಂದೆ ತಿರುಗಲಿಲ್ಲ. ಮೇಜಿನ ಮೇಲಿನ ಫೋನು ಚಾಲೂ ಇತ್ತು. ಮೇಡಂ ಎಲ್ಲ ಕೇಳಿಸಿಕೊಂಡಿರಬೇಕು. ಏನಾಯಿತೆಂದು ಕೇಳಲಿಲ್ಲ, ಫೋನೂ ಇಡಲಿಲ್ಲ. ಅಲ್ಲಿ ನೇಕಾರರು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಮಾತಾಡುತ್ತಿದ್ದದ್ದು ಕೇಳಿಸುತ್ತಿತ್ತು.

ಬಹಳ ಹೊತ್ತಾದ ಮೇಲೆ ಆಕೆ ಮೆಲ್ಲಗೆ ಕೇಳಿದರು: “ಮುಂದಿನ ಸೀರಿ ಹಾಕ್ಲೇನ್ರೀ?”

ಟವೆಲು ಹುಡುಕಿದೆ. ಅಣ್ಣನ ಬ್ಯಾಗಿನಲ್ಲಿತ್ತು. ಮುಖ ಒರೆಸಿಕೊಂಡು, “ಹಾಕ್ರಿ,” ಎಂದೆ.